ಮರಳುಗಾಡಿನ ಪಾರುಪತ್ಯ

ಕೆಲವು ಮಾತುಗಳು ಆಡುವವನ ಅರಿವನ್ನು ಮೀರಿ ಸತ್ಯವನ್ನು ನುಡಿಯುತ್ತವೆ. 'ಮರಳುಗಾಡು' ಎಂಬುದು ಅಂಥದೊಂದು ಮಾತು. ಆದೇಶಸಂಧಿಗೆ ಉದಾಹರಣೆಯಾಗಿ ಅದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು, ಕಕಾರ ಗಕಾರವಾದ ಬಗೆಯನ್ನು ಹುಡುಗರಿಗೆ ತೋರಿಸಿದ್ದೇನೆ. 'ಕಾಡು' ಎಂದರೆ ಮರಗಳ ಗುಂಪೇ ಆಗಬೇಕೆಂದಿಲ್ಲ, ನಾಡಲ್ಲದ್ದೆಲ್ಲ ಕಾಡು, ಸುಡುಗಾಡಿನಲ್ಲಿ ಮರವಿರಲೇಬೇಕೆಂದು ಯಾರೂ ಕೇಳುವುದಿಲ್ಲ. ಇದು ವ್ಯಾಕರಣದ ಮಾತಾಯಿತು. ಆದರೆ ಭೂಮಿಯ ಮೇಲೆ ಒಂದು ಮರಳುಗಾಡಿದೆ. ಅಲ್ಲಿ ಈ ಸಮಾಸದ ಎರಡನೆಯ ಪದ ಅಕ್ಷರಶಃ ನಿಜವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅರಿಜೋನಾ, ಕ್ಯಾಲಿಫೋರ್ನಿಯಾಗಳ ದಕ್ಷಿಣ ಭಾಗದಿಂದ ಮೆಕ್ಸಿಕೋ ದೇಶದ ಸೊನೋರಾ ಪ್ರಾಂತದವರೆಗೆ ಹಬ್ಬಿರುವ ಆ ಸೀಮೆಯನ್ನು ಸೊನೋರನ್ ಮರುಭೂಮಿ ಎನ್ನುತ್ತಾರೆ. ಸುಮಾರು ಒಂದು ಲಕ್ಷ ಚದರ ಮೈಲಿಯ ನೆಲ. ನಮ್ಮ ಕಲ್ಪನೆಯ ಮರಳ ದಿಬ್ಬಗಳು ಅಲ್ಲಿ ತೀರ ಕಡಮೆ. ಇರುವುದು ಕಲ್ಲು, ಜಲ್ಲಿ, ಬೆಟ್ಟ. ಅವುಗಳ ನಡುವೆ ಮರ, ಪೊದೆ, ಕಳ್ಳಿಗಳ ಒಂದು ವಿರಳವಾದ, ಆದರೆ ನಿಸ್ಸಂದೇಹವಾದ ಕಾಡು.

ಆ ಕಾಡಿನ ಒಂದು ತುಣುಕನ್ನು ಕಾಯುವ ಕೆಲಸದಲ್ಲಿ, ಸಂಬಳವಿಲ್ಲದ ಸೇವಕನಾಗಿ, ಕೆಲವು ಕಾಲ ಕೈಗೂಡಿಸುವ ಅವಕಾಶ ನನಗೆ ಒದಗಿತು. ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಮೂರು ಚಳಿಗಾಲಗಳನ್ನು ಕಳೆದೆ. ಡಿಸೆಂಬರಿನಲ್ಲಿ ಹೋಗುವುದು, ಮೇ ತಿಂಗಳಲ್ಲಿ ಹಿಂತಿರುಗುವುದು. ಅವಳಿರುವುದು ಫೀನಿಕ್ಸ್ ನಗರಕ್ಕೆ ಅಂಟಿಕೊಂಡಿರುವ ಸ್ಕಾಟ್ಸ್‌ಡೇಲ್ ಎಂಬ ಊರಿನಲ್ಲಿ. ವಿದೇಶದಲ್ಲಿ ಮಕ್ಕಳ ಮನೆಗೆ ಹೋದ ನಮ್ಮಂಥವರ ದಿನಚರಿ ನಿಮಗೆ ಗೊತ್ತಿರುವುದೇ: ಬೆಳಗ್ಗೆ ಕಾಫಿ, ಆಮೇಲೆ ಕಿಟಕಿ, ಸಂಜೆ ಮತ್ತೆ ಕಾಫಿ. ಮೊದಲನೆಯ ಚಳಿಗಾಲ ಹಾಗೆಯೇ ಕಳೆಯಿತು. ಎರಡನೆಯ ಸಲ ನೆರೆಯ ವೃದ್ಧರೊಬ್ಬರ ಜೊತೆಗೆ ನಡೆಯಲು ಹೋಗಿ, ಅವರ ಮಾತಿನಿಂದ ಪ್ರೇರಿತನಾಗಿ, ಹೆಸರು ಬರೆಸಿದೆ.

ಆ ಊರು ಈ ನೆಲವನ್ನು ಉಳಿಸಿಕೊಂಡ ರೀತಿಯನ್ನು ಮೊದಲು ಹೇಳಬೇಕು. ಸ್ಕಾಟ್ಸ್‌ಡೇಲಿನ ಈಶಾನ್ಯಕ್ಕೆ ಮೆಕ್‌ಡವೆಲ್ ಬೆಟ್ಟಗಳೆಂಬ ಒಂದು ಸಾಲು ಇದೆ. ೧೯೮೦ರ ದಶಕದ ಹೊತ್ತಿಗೆ ಮನೆಗಳು, ರಸ್ತೆಗಳು, ಗಾಲ್ಫ್ ಮೈದಾನಗಳು ಬೆಟ್ಟದ ಬುಡವನ್ನು ಮುಟ್ಟತೊಡಗಿದ್ದುವು. ಆಗ ಜೇನ್ ರಾವ್ ಮೊದಲಾದ ಕೆಲವರು ನಾಗರಿಕರು ಸೇರಿ ೧೯೯೦ರ ದಶಕದ ಆರಂಭದಲ್ಲಿ ಒಂದು ಭೂನಿಧಿಯನ್ನು ಕಟ್ಟಿದರು. ಇಂದಿನ ಮೆಕ್‌ಡವೆಲ್ ಸೊನೋರನ್ ಕನ್ಸರ್ವೆನ್ಸಿ ಎಂಬ ಸಂಸ್ಥೆಗೆ ಅದೇ ಮೂಲ. ೧೯೯೫ರಲ್ಲಿ ಊರಿನ ಮತದಾರರ ಮುಂದೆ ಒಂದು ಪ್ರಶ್ನೆ ಬಂತು: ಈ ಬೆಟ್ಟಗಳನ್ನು ಕೊಳ್ಳುವುದಕ್ಕಾಗಿ ನಿಮ್ಮ ಮೇಲೆ ನೀವೇ ತೆರಿಗೆ ಹಾಕಿಕೊಳ್ಳುತ್ತೀರಾ? ನೂರು ಡಾಲರಿನ ವ್ಯಾಪಾರಕ್ಕೆ ಇಪ್ಪತ್ತು ಸೆಂಟಿನ ತೆರಿಗೆ. ಜನ ಒಪ್ಪಿದರು. ೨೦೦೪ರಲ್ಲಿ ಮತ್ತೆ ಹದಿನೈದು ಸೆಂಟಿಗೆ ಒಪ್ಪಿದರು. ತೆರಿಗೆಯೆಂದರೆ ಸಿಡಿಮಿಡಿಗೊಳ್ಳುವ ಆ ದೇಶದಲ್ಲಿ ಇದು ಸಾಮಾನ್ಯವಾದ ಸಂಗತಿಯಲ್ಲ. ಹಾಗೆ ಕೂಡಿದ ಹಣದಿಂದ ಖಾಸಗಿ ಒಡೆಯರಿಂದಲೂ ರಾಜ್ಯದ ಹರಾಜುಗಳಲ್ಲಿಯೂ ತುಂಡುತುಂಡಾಗಿ ಕೊಂಡ ನೆಲ ಇಂದು ಮೂವತ್ತು ಸಾವಿರ ಎಕರೆಗೂ ಮೀರಿದೆ. ಎಂದರೆ ನಮ್ಮ ಲೆಕ್ಕದಲ್ಲಿ ೧೨೦ ಚದರ ಕಿಲೋಮೀಟರಿಗಿಂತ ಹೆಚ್ಚು, ಆ ಊರಿನ ಒಟ್ಟು ವಿಸ್ತಾರದ ಸುಮಾರು ಕಾಲುಭಾಗ. ಒಳಗೆ ೨೦೦ ಮೈಲಿಗೂ ಹೆಚ್ಚು ಉದ್ದದ ಕಾಲುಹಾದಿಗಳಿವೆ. ಪ್ರವೇಶಕ್ಕೆ ಹಣವಿಲ್ಲ. ನೆಲದ ಒಡೆತನ ನಗರಸಭೆಯದು. ಕಾಯುವ ಕೈಗಳು ಬಹುಮಟ್ಟಿಗೆ ಕನ್ಸರ್ವೆನ್ಸಿಯ ಸ್ವಯಂಸೇವಕರವು. ಅವರು ಆರುನೂರರ ಆಸುಪಾಸಿನಲ್ಲಿದ್ದಾರೆ. ಅವರನ್ನು 'ಸ್ಟುವರ್ಡ್' ಎಂದು ಕರೆಯುತ್ತಾರೆ.

ನಾನು ಕನ್ನಡ ಮೇಷ್ಟರು. ಪದ ಸಿಕ್ಕಿದರೆ ಬಿಡುವವನಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ಪೂರ್ವಾರ್ಧಕ್ಕೆ ಮನೆ ಅಥವಾ ಹಜಾರವೆಂದೂ ಉತ್ತರಾರ್ಧಕ್ಕೆ ಕಾವಲಿನವನೆಂದೂ ಅರ್ಥ. ಮನೆಯ ಒಡೆಯನಲ್ಲ, ಒಡೆಯನ ಪರವಾಗಿ ಮನೆಯನ್ನು ನೋಡಿಕೊಳ್ಳುವವನು. ಕನ್ನಡದಲ್ಲಿ ಇದಕ್ಕೆ ಸಾಟಿಯಾದ ಮಾತು ಯಾವುದು? 'ಸ್ವಯಂಸೇವಕ' ಎಂದರೆ ಜಾತ್ರೆಯಲ್ಲಿ ನೀರು ಕೊಡುವವನ ಚಿತ್ರ ಕಣ್ಣಿಗೆ ಬರುತ್ತದೆ. 'ಕಾವಲುಗಾರ' ಎಂದರೆ ದೊಣ್ಣೆ. 'ಉಸ್ತುವಾರಿ'ಯಲ್ಲಿ ಕಚೇರಿಯ ವಾಸನೆ ಇದೆ. ನನಗೆ ಒಪ್ಪಿಗೆಯಾದದ್ದು ನಮ್ಮ ದೇವಸ್ಥಾನಗಳ ಹಳೆಯ ಪದ: ಪಾರುಪತ್ಯಗಾರ. ದೇವರ ಒಡವೆ ಅವನ ವಶದಲ್ಲಿರುತ್ತದೆ, ಆದರೆ ಅವನದಲ್ಲ. ಎಣ್ಣೆ ಬತ್ತಿಯಿಂದ ಹಿಡಿದು ಹೊಲದ ಗೇಣಿಯವರೆಗೆ ಅವನು ನೋಡಬೇಕು, ಆದರೆ ಗರ್ಭಗುಡಿಯಲ್ಲಿ ಅವನ ಮಾತು ನಡೆಯದು. ಮರಳುಗಾಡಿನ ಸ್ಟುವರ್ಡನ ಸ್ಥಿತಿಯೂ ಹೆಚ್ಚು ಕಡಮೆ ಇದೇ. ಅವನಿಗೆ ದಂಡ ಹಾಕುವ ಅಧಿಕಾರವಿಲ್ಲ, ಯಾರನ್ನೂ ತಡೆದು ನಿಲ್ಲಿಸುವ ಹಕ್ಕಿಲ್ಲ. ಇರುವುದು ಎದೆಯ ಮೇಲೆ ಒಂದು ಬಿಲ್ಲೆ, ಚೀಲದಲ್ಲಿ ನೀರು, ಬಾಯಲ್ಲಿ ಒಳ್ಳೆಯ ಮಾತು.

ಕೆಲಸಗಳು ಹಲವು. ಹಾದಿಯ ಬಾಯಲ್ಲಿ ನಿಂತು ಬಂದವರಿಗೆ ದಾರಿ ಹೇಳುವವರು ಕೆಲವರು. ಗಸ್ತು ತಿರುಗುವವರು ಕೆಲವರು. ಶಾಲೆಯ ಮಕ್ಕಳನ್ನು ಕರೆದೊಯ್ದು ಗಿಡ, ಹಕ್ಕಿ ತೋರಿಸುವವರು, ಹಾದಿಗಳನ್ನು ದುರಸ್ತಿ ಮಾಡುವವರು, ವಿಜ್ಞಾನಿಗಳ ಜೊತೆಗೆ ಲೆಕ್ಕ ಹಿಡಿಯುವವರು ಬೇರೆ ಬೇರೆ. ಮೊದಲು ತರಬೇತಿಯಾಗಬೇಕು. ವಿದ್ಯಾರ್ಥಿಯ ಬೆಂಚಿನಲ್ಲಿ ಮತ್ತೆ ಕೂತದ್ದು ನನಗೇನೋ ಹಿತವಾಗಿಯೇ ಇತ್ತು. ಪಾಠ ಹೇಳುವ ಹೊಣೆಯಿಲ್ಲದೆ ಪಾಠ ಕೇಳುವ ಸುಖ ಮೇಷ್ಟರಿಗೆ ಮಾತ್ರ ಗೊತ್ತು.

ಗಸ್ತಿಗೆ ಹೊರಡುವವನ ಚೀಲದಲ್ಲಿ ಒಂದು ಬಾಚಣಿಗೆ ಇರತಕ್ಕದ್ದು. ನನ್ನ ತಲೆಯನ್ನು ಬಲ್ಲವರು ಇದನ್ನು ಕೇಳಿ ನಗಬಹುದು, ಬಾಚಣಿಗೆ ತಲೆಗಲ್ಲ. ಅಲ್ಲಿ ಚೋಯಾ ಎಂಬ ಒಂದು ಬಗೆಯ ಕಳ್ಳಿ ಇದೆ. ದೂರದಿಂದ ನೋಡಿದರೆ ಮಕ್ಕಳ ಕರಡಿಯ ಗೊಂಬೆಯ ಹಾಗೆ ಮೆತ್ತಗೆ, ಹೊಂಬಣ್ಣವಾಗಿ ಕಾಣುತ್ತದೆ. ಹತ್ತಿರ ಹೋದರೆ ಮೈಯೆಲ್ಲ ಮುಳ್ಳು. ಅದರ ಗೆಣ್ಣುಗಳು ತುಸು ಸೋಕಿದರೂ ಕಳಚಿ ಮೈಗೆ ಅಂಟಿಕೊಳ್ಳುತ್ತವೆ. ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಹಿಮ್ಮುಖದ ಕೊಕ್ಕೆಗಳಿರುವುದರಿಂದ ಕೈಯಿಂದ ಕೀಳಹೋದರೆ ಕೈಗೂ ಹತ್ತುತ್ತದೆ. ಬಾಚಣಿಗೆಯನ್ನು ನಡುವೆ ತೂರಿಸಿ ಒಮ್ಮೆಲೆ ಚಿಮ್ಮಬೇಕು. ಹೀಗೆ ಕಳಚಿ ಬಿದ್ದ ಗೆಣ್ಣು ನೆಲದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಪ್ರಾಣಿಯೊಂದರ ನೋವೇ ಆ ಗಿಡದ ವಾಹನ.

ಹಾದಿ ಬಿಟ್ಟು ನಡೆಯಬೇಡಿ ಎಂಬುದು ಸ್ಟುವರ್ಡ್ ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು. ಬಂಜರು ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಏನು ಕೆಟ್ಟೀತು ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಆ ನೆಲದ ಮೇಲ್ಪದರ ಬರಿಯ ಮಣ್ಣಲ್ಲ. ಕಣ್ಣಿಗೆ ಕಾಣದ ನೀಲಿಹಸಿರು ಜೀವಾಣುಗಳು, ಪಾಚಿ, ಕಲ್ಲುಹೂವು, ಶಿಲೀಂಧ್ರಗಳು ಸೇರಿ ಮಣ್ಣಿನ ಕಣಗಳನ್ನು ಹೊಲಿದು ಒಂದು ತೆಳ್ಳನೆಯ ಹೊರಪು ಮಾಡಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ ಹಿಡಿಯುವುದು ಅದು. ಗಾಳಿಯ ಸಾರಜನಕವನ್ನು ನೆಲಕ್ಕೆ ಇಳಿಸುವುದರಲ್ಲಿಯೂ ಅದರ ಪಾಲಿದೆ. ಒಂದು ಬೂಟುಗಾಲಿಗೆ ಮುರಿಯುವ ಆ ಪದರ ಮತ್ತೆ ಕೂಡುವುದಕ್ಕೆ ವರ್ಷಗಳು, ಕೆಲವೆಡೆ ದಶಕಗಳು ಬೇಕು. ಒಬ್ಬನ ಹೆಜ್ಜೆಯನ್ನು ನೋಡಿ ಇನ್ನೊಬ್ಬ ನಡೆಯುತ್ತಾನೆ. ತಿಂಗಳೊಳಗೆ ಅಲ್ಲೊಂದು ಕಳ್ಳಹಾದಿ ಸಿದ್ಧ. ಅದನ್ನು ಮುಚ್ಚುವ ಉಪಾಯ ಸೊಗಸಾಗಿದೆ. ಬೇಲಿ ಹಾಕುವುದಿಲ್ಲ, ಫಲಕ ನೆಡುವುದಿಲ್ಲ. ಒಣಗಿ ಬಿದ್ದ ಕೊಂಬೆಗಳನ್ನು ತಂದು, ಗುಳಿ ತೋಡಿ, ಬದುಕಿದ ಗಿಡದ ಹಾಗೆ ನೆಟ್ಟಗೆ ನೆಡುವುದು. ಅಲ್ಲಿ ಹಾದಿ ಇತ್ತೆಂಬುದೇ ಬಂದವನ ಕಣ್ಣಿಗೆ ಹೊಳೆಯಬಾರದು. ಆ ಸತ್ತ ಕೊಂಬೆಯ ನೆರಳಿನಲ್ಲಿ ಗಾಳಿ ತಂದ ಬೀಜ ತಂಗಿ, ಕಾಲಾನುಕಾಲಕ್ಕೆ ನಿಜವಾದ ಗಿಡವೂ ಹುಟ್ಟುತ್ತದೆ.

ಇನ್ನು ಆ ಕಾಡಿನ ಹಿರಿಯನ ಮಾತು. ಬರೆಯುವಾಗ ಸಗ್ವಾರೊ, ಉಚ್ಚರಿಸುವಾಗ ಸವಾರೊ. ನಮ್ಮ ಕಿವಿಗೆ ಕುದುರೆಯ ಸವಾರನೇ. ನಲವತ್ತು ಐವತ್ತು ಅಡಿ ಎತ್ತರದ ಹಸುರು ಕಂಬ, ಅದಕ್ಕೆ ಮೇಲಕ್ಕೆ ಮಡಿಸಿದ ತೋಳುಗಳು. ಲೋಕದಲ್ಲಿ ಈ ಸೊನೋರನ್ ಸೀಮೆಯನ್ನು ಬಿಟ್ಟರೆ ಬೇರೆಲ್ಲಿಯೂ ಅದು ತಾನಾಗಿ ಬೆಳೆಯುವುದಿಲ್ಲ. ನಮ್ಮ ಬೇಲಿಯ ಕಳ್ಳಿಗೂ ಇದಕ್ಕೂ ನೆಂಟಸ್ತಿಕೆ ಏನೆಂದು ಅಲ್ಲಿನ ಗೆಳೆಯರು ಕೇಳಿದರು. ವಿಚಿತ್ರವೆಂದರೆ ಏನೂ ಇಲ್ಲ. ನಮ್ಮ ಕಳ್ಳಿಯನ್ನು ಮುರಿದರೆ ಹಾಲು ಬರುತ್ತದೆ. ಅದು ಔಡಲ, ನೆಲನೆಲ್ಲಿಗಳ ದೂರದ ಸಂಬಂಧಿ. ಅಮೆರಿಕದ ಕಳ್ಳಿಗಳ ಕುಲವೇ ಬೇರೆ, ಅವುಗಳಲ್ಲಿ ಆ ಹಾಲಿಲ್ಲ. ಎರಡು ಖಂಡಗಳಲ್ಲಿ ಎರಡು ಬೇರೆ ವಂಶಗಳು ಒಂದೇ ಬಿಸಿಲಿಗೆ ಒಂದೇ ಬಗೆಯ ಉತ್ತರವನ್ನು ಬರೆದಿವೆ: ಎಲೆಯನ್ನು ತೊರೆ, ಕಾಂಡವನ್ನು ಹಸುರುಮಾಡು, ಮುಳ್ಳನ್ನು ಧರಿಸು, ನೀರನ್ನು ಮೈಯಲ್ಲಿ ಬಚ್ಚಿಡು. ಒಬ್ಬರನ್ನೊಬ್ಬರು ನೋಡಿ ಬರೆಯದ ಇಬ್ಬರ ಉತ್ತರಪತ್ರಿಕೆಗಳು ಒಂದೇ ರೀತಿಯಾಗಿದ್ದರೆ ಪರೀಕ್ಷಕನಿಗೆ ಹೇಗಾಗುತ್ತದೆಯೋ ಹಾಗೆ ಆಯಿತು ನನಗೆ. ಕನ್ನಡವು ಎರಡನ್ನೂ 'ಕಳ್ಳಿ' ಎಂದು ಕರೆದದ್ದು ಸಸ್ಯಶಾಸ್ತ್ರದ ದೃಷ್ಟಿಯಿಂದ ತಪ್ಪಿರಬಹುದು. ಬಿಸಿಲಿನ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಸವಾರೊ ಬೆಳೆಯುವ ವೇಗವನ್ನು ಹೇಳಿದರೆ ನಂಬುವುದು ಕಷ್ಟ. ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದು, ಒಂದೂವರೆ ಅಂಗುಲ. ಹೂ ಬಿಡುವುದಕ್ಕೆ ಮೂವತ್ತೈದು ವರ್ಷದ ಸುಮಾರು ಆಗಬೇಕು. ಮೊದಲ ತೋಳು ಮೂಡುವುದಕ್ಕೆ ಐವತ್ತರಿಂದ ಎಪ್ಪತ್ತೈದು ವರ್ಷ, ಒಣನೆಲದಲ್ಲಿ ನೂರು ವರ್ಷವೂ ಹಿಡಿಯಬಹುದು. ಆಯುಸ್ಸು ನೂರೈವತ್ತು, ಕೆಲವಕ್ಕೆ ಇನ್ನೂರು ವರ್ಷ. ಹಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳು. ಒಂದು ಗಿಡ ಜೀವಮಾನದಲ್ಲಿ ಲಕ್ಷಗಟ್ಟಲೆ ಬೀಜ ಉದುರಿಸಿದರೂ ಮರವಾಗಿ ನಿಲ್ಲುವುದು ಬೆರಳೆಣಿಕೆಯಷ್ಟು. ಬದುಕುವ ಮೊಳಕೆ ಸಾಮಾನ್ಯವಾಗಿ ಇನ್ನೊಂದು ಮರದ ಮಡಿಲಲ್ಲಿ ಹುಟ್ಟಿದ್ದಾಗಿರುತ್ತದೆ. ಪಾಲೊ ವರ್ಡೆ ಎಂಬ ಮರ ಅಲ್ಲಿ ಹೇರಳ. ಸ್ಪ್ಯಾನಿಷಿನಲ್ಲಿ ಹಸುರು ಕೋಲು ಎಂದರ್ಥ, ಅದರ ತೊಗಟೆಯೇ ಹಸುರು. ಅದರ ನೆರಳು ಬೇಸಗೆಯ ಬಿಸಿಲನ್ನೂ ಚಳಿಗಾಲದ ಹಿಮವನ್ನೂ ಕೂಸಿಗೆ ತಾಗದಂತೆ ತಡೆಯುತ್ತದೆ. ಅವರು ಇದನ್ನು ದಾದಿಮರ ಎನ್ನುತ್ತಾರೆ. ಸವಾರೊ ದೊಡ್ಡದಾದ ಮೇಲೆ ನೆಲದ ನೀರನ್ನೆಲ್ಲ ತಾನೇ ಹೀರುವುದರಿಂದ ದಾದಿ ಅನೇಕ ವೇಳೆ ಒಣಗುತ್ತದೆಂದೂ ಹೇಳುತ್ತಾರೆ. ಇದಕ್ಕೆ ಹೋಲಿಕೆಗಳನ್ನು ಹುಡುಕುವ ಕೆಲಸ ನಿಮ್ಮದು, ನನ್ನದಲ್ಲ.

ಅಷ್ಟು ದೊಡ್ಡ ಗಿಡದ ಬೇರುಗಳು ನೆಲದೊಳಗೆ ಕೆಲವೇ ಅಂಗುಲಗಳ ಆಳದಲ್ಲಿ, ತನ್ನ ಎತ್ತರದಷ್ಟೇ ದೂರಕ್ಕೆ ಸುತ್ತಲೂ ಹರಡಿರುತ್ತವೆ. ಅಲ್ಲಿಯ ಮಳೆ ವರ್ಷಕ್ಕೆ ಏಳೆಂಟು ಅಂಗುಲ. ಚಳಿಗಾಲದಲ್ಲಿ ಮೆಲ್ಲನೆ ಸ್ವಲ್ಪ, ಬೇಸಗೆಯ ಕೊನೆಗೆ ಗುಡುಗು ಸಹಿತ ಸ್ವಲ್ಪ. ಈ ಎರಡನೆಯದನ್ನು ಅವರೂ 'ಮಾನ್ಸೂನ್' ಎಂದೇ ಕರೆಯುತ್ತಾರೆ. ಬಿದ್ದ ನೀರು ಆರಿಹೋಗುವ ಮೊದಲು ಮೇಲಿನ ಬೇರುಗಳು ಅದನ್ನು ಕುಡಿದುಬಿಡಬೇಕು. ಕುಡಿದಾಗ ಕಾಂಡದ ಮೇಲಿನ ಮಡಿಕೆಗಳು ಹಾರ್ಮೋನಿಯಮಿನ ತಿದಿಯಂತೆ ಹಿಗ್ಗುತ್ತವೆ, ಬರಗಾಲದಲ್ಲಿ ಕುಗ್ಗುತ್ತವೆ. ಮೇ ತಿಂಗಳಲ್ಲಿ ತುದಿಯಲ್ಲಿ ಬಿಳಿಯ ಹೂಗಳು ರಾತ್ರಿ ಅರಳಿ ಮಾರನೆಯ ದಿನ ಮುಚ್ಚುತ್ತವೆ. ಅಷ್ಟರೊಳಗೆ ಬಾವಲಿ, ಪಾರಿವಾಳ, ಜೇನುನೊಣಗಳು ಬಂದು ಹೋಗಬೇಕು. ಮರಕುಟಿಗ ಕೊರೆದ ಪೊಟರೆಯಲ್ಲಿ ಮುಂದೆ ಗುಬ್ಬಿಗಾತ್ರದ ಒಂದು ಗೂಬೆ ಸಂಸಾರ ಹೂಡುತ್ತದೆ. ಊರೆಂದರೆ ಊರೇ. ಅಂಥದನ್ನು ಬಂದೂಕಿಗೆ ಗುರಿಮಾಡುವವರೂ ಹಿಂದೆ ಇದ್ದರು. ೧೯೮೨ರಲ್ಲಿ ಹಾಗೆ ಗುಂಡು ಹಾರಿಸಿದವನೊಬ್ಬನ ಮೇಲೆಯೇ ಸವಾರೊದ ತೋಳು ಮುರಿದು ಬಿದ್ದು ಅವನು ಸತ್ತ. ಈಗ ಅದಕ್ಕೆ ಹಾನಿ ಮಾಡುವುದು ಅರಿಜೋನಾ ಕಾನೂನಿನ ಪ್ರಕಾರ ಗುರುತರವಾದ ಅಪರಾಧ.

ಈ ನೆಲವನ್ನು ಅರಣ್ಯಧಾಮವೆಂದು ಕರೆಯುವುದಕ್ಕೆ ಬಹುಕಾಲದ ಹಿಂದೆ ಅಲ್ಲಿ ಜನ ಬದುಕಿದ್ದರು. ಮೈಲಿಗಟ್ಟಲೆ ಕಾಲುವೆ ತೋಡಿ ಬೇಸಾಯ ಮಾಡಿದ, ಬಂಡೆಗಳ ಮೇಲೆ ಚಿತ್ರ ಕೆತ್ತಿದ ಹೊಹೊಕಾಂ ಜನ. ಅವರನ್ನು ತಮ್ಮ ಪೂರ್ವಜರೆಂದು ಎಣಿಸುವ ಓಓದಮ್ ಜನ ಇಂದಿಗೂ ಸ್ಕಾಟ್ಸ್‌ಡೇಲಿನ ಅಂಚಿನಲ್ಲಿಯೇ ತಮ್ಮ ನೆಲದಲ್ಲಿದ್ದಾರೆ. ದಕ್ಷಿಣದ ತೊಹೊನೊ ಓಓದಮ್ ಎಂಬ ಹೆಸರಿಗೆ ಮರುಭೂಮಿಯ ಜನವೆಂದೇ ಅರ್ಥ. ಅವರಿಗೆ ಸವಾರೊ ಗಿಡವಲ್ಲ, ಬಂಧು. ಜೂನಿನಲ್ಲಿ ಸತ್ತ ಸವಾರೊದ ಉದ್ದನೆಯ ಪಕ್ಕೆಲುಬುಗಳನ್ನು ಕಟ್ಟಿ ದೋಟಿ ಮಾಡಿ, ಹಣ್ಣು ಕೊಯ್ದು, ಕುದಿಸಿ ಪಾನಕ ಮಾಡಿ, ಅದನ್ನು ಹುಳಿಸಿ ಮಳೆಯನ್ನು ಕರೆಯುವ ವಿಧಿಯಲ್ಲಿ ಕುಡಿಯುತ್ತಾರೆ. ಹೊಸ ವರ್ಷ ಅವರಿಗೆ ಅಲ್ಲಿಂದ. ಹೀಗಾಗಿ ನಮ್ಮಂಥವರ ಪಾರುಪತ್ಯ ತೀರ ಇತ್ತೀಚಿನದು ಎಂಬ ಅರಿವು ಸ್ಟುವರ್ಡನಿಗೆ ಇರುವುದು ಒಳ್ಳೆಯದು.

ನನ್ನ ಪಾಲಿಗೆ ಬಂದ ಕೆಲಸ ಹೆಚ್ಚಾಗಿ ಹುಲ್ಲು ಕೀಳುವುದು. ಅರವತ್ತು ದಾಟಿದ ಪ್ರಾಧ್ಯಾಪಕ ಸಾವಿರಾರು ಮೈಲಿ ಹಾರಿ ಹೋಗಿ ಹುಲ್ಲು ಕಿತ್ತನೆಂದರೆ ನಗೆಪಾಟಲೇ ಸರಿ. ಆದರೆ ಆ ಮರಳುಗಾಡಿನ ಅಳಿವು ಉಳಿವು ಇಂದು ನಿಂತಿರುವುದು ಬಹುಮಟ್ಟಿಗೆ ಈ ಹುಲ್ಲಿನ ಮೇಲೆ. ಬಫೆಲ್ ಹುಲ್ಲು ಎಂದು ಅದರ ಹೆಸರು. ಮೊಣಕಾಲೆತ್ತರದ ಪೊದೆ, ನರಿಯ ಬಾಲದಂಥ ತೆನೆ. ಮೊದಲ ದಿನ ನಮ್ಮ ತಂಡದ ಮುಖಂಡರು ಇದು ಆಫ್ರಿಕದಿಂದ, ಅರೇಬಿಯದಿಂದ, ನಿಮ್ಮ ಇಂಡಿಯಾವರೆಗಿನ ಒಣಸೀಮೆಯ ಹುಲ್ಲು ಎಂದು ನನ್ನ ಮುಖ ನೋಡಿದರು. ನಿಜವೇ. ರಾಜಸ್ಥಾನದ ಧಾಮಣ್, ಬೇರೆಡೆಯ ಅಂಜನ್ ಹುಲ್ಲು ಇದೇ. ಬರಕ್ಕೆ ಬಗ್ಗದ ಮೇವೆಂದು ನಮ್ಮಲ್ಲಿ ರೈತರಿಗೆ ಶಿಫಾರಸು ಮಾಡುವ ಹುಲ್ಲು. ಅದೇ ಗುಣವನ್ನು ಕಂಡು ೧೯೩೦-೪೦ರ ದಶಕಗಳಲ್ಲಿ ಅಮೆರಿಕದ ಮಣ್ಣು ಸಂರಕ್ಷಣೆಯ ಇಲಾಖೆ ದನಗಳ ಮೇವಿಗೂ ಮಣ್ಣು ಹಿಡಿಯಲಿಕ್ಕೂ ಅದನ್ನು ಬರಮಾಡಿಕೊಂಡಿತು. ಕೆಲವು ದಶಕ ಅದು ತೆಪ್ಪಗಿತ್ತು. ೧೯೮೦ರ ದಶಕದಿಂದೀಚೆಗೆ ರಸ್ತೆಯ ಅಂಚು ಹಿಡಿದು ಬೆಟ್ಟಗಳಿಗೆ ಏರಿತು.

ಹುಲ್ಲಿನಿಂದ ಕಾಡಿಗೆ ಏನು ಕೇಡು? ಸೊನೋರನ್ ಕಾಡಿನ ರಹಸ್ಯ ಅದರ ಬಯಲಿನಲ್ಲಿದೆ. ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಬರಿ ನೆಲವಿರುತ್ತದೆ. ಸಿಡಿಲು ಒಂದನ್ನು ಸುಟ್ಟರೆ ಬೆಂಕಿ ಅಲ್ಲಿಗೇ ಆರುತ್ತದೆ. ಆದ್ದರಿಂದ ಅಲ್ಲಿನ ಗಿಡಗಳು ಬೆಂಕಿಯನ್ನು ಎದುರಿಸುವ ವಿದ್ಯೆಯನ್ನು ಕಲಿತೇ ಇಲ್ಲ. ಹುಲ್ಲು ಆ ಬಯಲನ್ನು ತುಂಬುತ್ತದೆ. ಒಣಗಿದ ಹುಲ್ಲಿನ ಮೂಲಕ ಬೆಂಕಿ ಒಂದು ಗಿಡದಿಂದ ಇನ್ನೊಂದಕ್ಕೆ ನಡೆಯುತ್ತದೆ. ಆಫ್ರಿಕದ ಬಯಲುಗಳಲ್ಲಿ ಬೆಂಕಿಯ ಜೊತೆಗೇ ಬೆಳೆದ ಹುಲ್ಲು ಬೂದಿಯೊಳಗಿನ ಬೇರಿನಿಂದ ಮತ್ತೆ ಚಿಗುರುತ್ತದೆ. ನೂರೈವತ್ತು ವರ್ಷದ ಸವಾರೊ ನಿಂತಲ್ಲೇ ಬೇಯುತ್ತದೆ. ಕೆಲವು ಆಗಲೇ ಬೀಳುವುದಿಲ್ಲ; ಬುಡ ಬೆಂದು, ಹಸುರಾಗಿಯೇ ಕಾಣುತ್ತ, ಕೆಲವು ವರ್ಷಗಳ ಮೇಲೆ ಬೀಳುತ್ತವೆ. ೨೦೨೦ರ ಜೂನ್ ತಿಂಗಳಲ್ಲಿ ಫೀನಿಕ್ಸ್ ನಗರದ ಈಶಾನ್ಯಕ್ಕೆ, ಹೆದ್ದಾರಿಯ ಪಕ್ಕದಲ್ಲಿ ಹೊತ್ತಿಕೊಂಡ ಒಂದು ವಾಹನದ ಬೆಂಕಿ ಹಬ್ಬಿ ೧,೯೩,೦೦೦ ಎಕರೆಗೂ ಹೆಚ್ಚು ಸುಟ್ಟಿತು. ಬುಷ್ ಬೆಂಕಿ ಎಂದು ಅದಕ್ಕೆ ಹೆಸರು. ಬೆಂದ ಸವಾರೊಗಳು ಸಾವಿರಾರು. ಆ ಬೆಂಕಿಗೆ ದಾರಿ ಮಾಡಿಕೊಟ್ಟದ್ದರಲ್ಲಿ ಪರದೇಶದಿಂದ ಬಂದ ಬೇರೆ ಹುಲ್ಲುಗಳದೂ ದೊಡ್ಡ ಪಾಲು. ಶತ್ರು ಒಬ್ಬನೇ ಅಲ್ಲ. ಈಚೆಗೆ ದಕ್ಷಿಣ ಆಫ್ರಿಕದಿಂದ ಬಂದ, ಹಳದಿ ಗುಂಡಿಯಂಥ ಹೂವಿನ, ದುರ್ನಾತದ ಒಂದು ಕಳೆಯೂ ಸ್ಕಾಟ್ಸ್‌ಡೇಲಿನ ಸುತ್ತ ವೇಗವಾಗಿ ಹರಡುತ್ತಿದೆ. ಅದು ಕೂಡ ಒಣಗಿದರೆ ಸೀಮೆಎಣ್ಣೆಯ ಹಾಗೆ ಉರಿಯುತ್ತದೆ.

ಇಲ್ಲಿ ನಮ್ಮ ಕಡೆಯ ಕಥೆಯೊಂದನ್ನು ನಾನು ಅವರಿಗೆ ಹೇಳಬೇಕಾಯಿತು. ಆ ಕಾಡಿನಲ್ಲಿ ಮೆಸ್ಕೀಟ್ ಎಂಬ ಮರವಿದೆ. ನೋಡಿದ ಕೂಡಲೇ ಗುರುತು ಹತ್ತಿತು: ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದೇ ಎಲೆ, ಅದೇ ಮುಳ್ಳು, ಅದೇ ಸಿಹಿಗಾಯಿ. ಅಲ್ಲಿ ಅದು ಗೌರವಾನ್ವಿತವಾದ ಮರ. ಓಓದಮ್ ಜನ ಅದರ ಕಾಯಿಯನ್ನು ಬೀಸಿ ಸಿಹಿ ಹಿಟ್ಟು ಮಾಡುತ್ತಾರೆ. ಅದರ ಬೇರು ನೂರೈವತ್ತು ಅಡಿಗೂ ಆಳಕ್ಕೆ ಇಳಿದದ್ದನ್ನು ಗಣಿಯೊಂದರಲ್ಲಿ ಕಂಡಿದ್ದಾರೆ. ಆ ಕುಲದ ಅಮೆರಿಕನ್ ಮರವೊಂದನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಗೆಂದು, ಬಂಜರನ್ನು ಹಸುರು ಮಾಡಲೆಂದು ನಮ್ಮ ದೇಶಕ್ಕೆ ತಂದರು. ಆಮೇಲಿನದನ್ನು ಬಳ್ಳಾರಿ, ರಾಯಚೂರಿನ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲವೂ ಅದರದೇ. ಪಾಪಾಸುಕಳ್ಳಿಯೂ ಹೀಗೆ ಅಮೆರಿಕದಿಂದ ಬಂದದ್ದೇ. ದಕ್ಷಿಣ ಭಾರತದ ನೆಲವನ್ನು ಅದು ಹೊಲಗಳ ಸಮೇತ ನುಂಗುತ್ತಿದ್ದಾಗ ೧೯೨೬ರಲ್ಲಿ ಸಿಂಹಳದಿಂದ ತಂದ ಕೊಚಿನೀಲ್ ಜಾತಿಯ ಒಂದು ಕೀಟ ಅದನ್ನು ಹತೋಟಿಗೆ ತಂದಿತು. ಮೆಕ್‌ಡವೆಲ್ ಬೆಟ್ಟದ ಪಾಪಾಸುಕಳ್ಳಿಯ ಮೇಲೆ ಹತ್ತಿಯ ಹಾಗೆ ಕೂತಿರುವ ಅದರ ಸೋದರಕೀಟವನ್ನು ಸ್ಟುವರ್ಡರು ಶಾಲೆಯ ಮಕ್ಕಳ ಮುಂದೆ ಬೆರಳಿಂದ ಒರಸಿ, ಕುಂಕುಮದಂಥ ಕೆಂಪನ್ನು ತೋರಿಸುತ್ತಾರೆ. ಲೆಕ್ಕ ಹೀಗಾಯಿತು: ನಮ್ಮ ಕಡೆಯ ಹುಲ್ಲು ಅವರ ಕಾಡನ್ನು ಸುಡುತ್ತಿದೆ, ಅವರ ಕಡೆಯ ಜಾಲಿ ನಮ್ಮ ಗೋಮಾಳವನ್ನು ನುಂಗಿದೆ. ಎರಡನ್ನೂ ಸಾಗಿಸಿದವರು ಒಳ್ಳೆಯ ಉದ್ದೇಶವುಳ್ಳ ಅಧಿಕಾರಿಗಳು. ತಮ್ಮ ಮನೆಯಲ್ಲಿ ಎರಡೂ ಸಭ್ಯವಾದ ಸಸ್ಯಗಳು. 'ದುಷ್ಟ ಹುಲ್ಲು' ಎಂದು ಬೈಯುತ್ತ ಹಾರೆ ಹಾಕುತ್ತಿದ್ದ ಗೆಳೆಯರೊಬ್ಬರಿಗೆ, ನಮ್ಮಲ್ಲಿ ಇದನ್ನು ತಿಂದ ಹಸುವಿನ ಹಾಲನ್ನು ನಾನು ಕುಡಿದಿರಬಹುದು ಎಂದಾಗ ಅವರು ಹಾರೆಯನ್ನು ನೆಲಕ್ಕೂರಿ ಬಹಳ ಹೊತ್ತು ನಕ್ಕರು.

ಕೀಳುವ ಕ್ರಮ ಸುಲಭವಲ್ಲ. ಕೈಯಿಂದ ಎಳೆದರೆ ಎಲೆ ಬರುತ್ತದೆ, ಬುಡ ಉಳಿಯುತ್ತದೆ. ಬುಡ ಉಳಿದರೆ ಹುಲ್ಲು ಉಳಿದಂತೆ. ಕಬ್ಬಿಣದ ಹಾರೆಯನ್ನು ಬುಡದಡಿಗೆ ಇಳಿಸಿ ಮೀಟಬೇಕು, ಮಣ್ಣನ್ನು ಕೊಡವಬೇಕು, ಬೀಜ ಉದುರದಂತೆ ತೆನೆಯನ್ನು ಚೀಲಕ್ಕೆ ತುಂಬಬೇಕು. ಕಲ್ಲಿನ ಇಳಿಜಾರಿನಲ್ಲಿ ಒಂದು ಬುಡಕ್ಕೆ ಹತ್ತು ನಿಮಿಷವೂ ಹಿಡಿಯುತ್ತದೆ. ಔಷಧಿ ಹೊಡೆಯುವುದುಂಟು, ಆದರೆ ಹುಲ್ಲು ಹಸುರಾಗಿದ್ದಾಗ ಮಾತ್ರ ಅದು ನಾಟುತ್ತದೆ, ಹಸುರಾಗಿರುವುದು ಮಳೆಯಾದ ಕೆಲವು ವಾರ ಮಾತ್ರ. ಉಳಿದ ಕಾಲದಲ್ಲಿ ಹಾರೆಯೇ ಗತಿ.

ಬಿಸಿಲಿನ ವಿಷಯ ಬೇರೆ. ಅದಕ್ಕೆ ಹಾರೆಯಿಲ್ಲ. ೨೦೨೩ರ ಬೇಸಗೆಯಲ್ಲಿ ಫೀನಿಕ್ಸಿನಲ್ಲಿ ಸತತವಾಗಿ ೩೧ ದಿನ ಉಷ್ಣಮಾನ ೧೧೦ ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ೪೩ ಡಿಗ್ರಿ ಸೆಲ್ಸಿಯಸ್ಸನ್ನು, ದಾಟಿತು. ಆ ನಗರದ ಮರುಭೂಮಿ ಸಸ್ಯೋದ್ಯಾನದಲ್ಲಿ ಸವಾರೊಗಳ ತೋಳುಗಳು ಕಳಚಿ ಬಿದ್ದುವು, ಕೆಲವು ಬುಡಸಹಿತ ಕುಸಿದುವು. ಹಗಲಿನ ಬಿಸಿಲಿಗಿಂತಲೂ ಅವನ್ನು ಕೊಂದದ್ದು ರಾತ್ರಿಯ ಸೆಕೆ. ಸವಾರೊ ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಉಸಿರಾಡುತ್ತದೆ. ರಾತ್ರಿ ತಂಪಾಗದಿದ್ದರೆ ಅದಕ್ಕೆ ಉಸಿರಿಲ್ಲ. ಕಾಂಕ್ರೀಟು ತುಂಬಿದ ನಗರದಲ್ಲಿ ರಾತ್ರಿ ತಂಪಾಗುವುದಿಲ್ಲ. ತೆರೆದ ಬೆಟ್ಟದಲ್ಲಿ ಅಷ್ಟಿಷ್ಟಾದರೂ ತಂಪಾಗುತ್ತದೆ. ಬೆಟ್ಟವನ್ನು ಕಟ್ಟಡದಿಂದ ಉಳಿಸಿಕೊಂಡದ್ದಕ್ಕೆ ೧೯೯೫ರಲ್ಲಿ ಯಾರೂ ಯೋಚಿಸದ ಪ್ರಯೋಜನವಿದು.

ಇದನ್ನೆಲ್ಲ ಕೇಳಿ ಸ್ಕಾಟ್ಸ್‌ಡೇಲ್ ಋಷ್ಯಾಶ್ರಮವೆಂದು ತಿಳಿಯಬೇಡಿ. ಬೆಟ್ಟದ ಒಂದು ಮಗ್ಗುಲಲ್ಲಿ ಹನಿನೀರನ್ನು ಲೆಕ್ಕ ಹಾಕುವ ಕಾಡು. ಇನ್ನೊಂದು ಮಗ್ಗುಲಲ್ಲಿ ದಿನವೂ ನೀರು ಚಿಮುಕಿಸಿದ ಗಾಲ್ಫ್ ಹುಲ್ಲುಹಾಸು. ಅರಣ್ಯಧಾಮದ ಪಕ್ಕದ ಮನೆಗೆ ಬೆಲೆ ಹೆಚ್ಚು ಎಂಬ ಲೆಕ್ಕಾಚಾರವೂ ಜನರ ಕಾಡಿನ ಪ್ರೀತಿಯಲ್ಲಿ ಬೆರೆತಿದೆ ಎಂದು ನನಗೆ ತೋರಿತು. ಬೆರೆತರೇನು? ದೇವಾಲಯಗಳನ್ನು ಕಟ್ಟಿಸಿದ ಅರಸರೆಲ್ಲ ಬರಿಯ ಭಕ್ತಿಯಿಂದ ಕಟ್ಟಿಸಿದರೆ? ಆದರೆ ಆ ಜನ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತರು. ಅರಣ್ಯಧಾಮದ ನೆಲದಲ್ಲಿಯೇ ಮರುಭೂಮಿಯನ್ನು ಕುರಿತ ದೊಡ್ಡ ಪ್ರದರ್ಶನ ಕೇಂದ್ರವನ್ನು ಕಟ್ಟುವ ಯೋಜನೆ ಬಂದಾಗ ಊರು ಎರಡಾಯಿತು. ಮಕ್ಕಳಿಗೆ, ಪ್ರವಾಸಿಗಳಿಗೆ ವಿದ್ಯಾಕೇಂದ್ರವಾಗುತ್ತದೆಂದು ಒಂದು ಪಕ್ಷ. ಕಾಡನ್ನು ಕೊಂಡದ್ದು ಕಾಡಾಗಿರಲೆಂದೇ ಹೊರತು ಕಟ್ಟಡಕ್ಕಲ್ಲವೆಂದು ಇನ್ನೊಂದು ಪಕ್ಷ. ಎರಡೂ ಕಡೆ ಕಾಡಿನ ಮೇಲೆ ಪ್ರೀತ್ಯಾದರವುಳ್ಳವರೇ ಇದ್ದರು. ೨೦೧೮ರ ನವೆಂಬರಿನಲ್ಲಿ ಮತದಾರರು ತಮ್ಮ ಒಪ್ಪಿಗೆಯಿಲ್ಲದೆ ಅಲ್ಲಿ ಅಂಥ ಕಟ್ಟಡ ಏಳಕೂಡದೆಂದು ನಗರದ ಸನ್ನದಿಗೇ ತಿದ್ದುಪಡಿ ತಂದರು. ಗರ್ಭಗುಡಿಯ ಪಕ್ಕದಲ್ಲಿ ಮಳಿಗೆ ಕಟ್ಟಿಸಿ ದೇವರಿಗೆ ವರಮಾನ ತರುವ ನಮ್ಮ ಧರ್ಮದರ್ಶಿಗಳಿಗೆ ಈ ಸುದ್ದಿಯನ್ನು ತಲುಪಿಸಬೇಕೆಂದು ನನ್ನ ಆಸೆ. ೧೯೯೫ರ ತೆರಿಗೆಯ ಅವಧಿ ೨೦೨೫ಕ್ಕೆ ಮುಗಿಯುವುದಿತ್ತು. ೨೦೨೪ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹದಿನೈದು ಸೆಂಟಿನ ಹೊಸ ತೆರಿಗೆಗೆ ಜನ ಒಪ್ಪಿಗೆ ಕೊಟ್ಟರು. ಈ ಸಲ ನೆಲ ಕೊಳ್ಳುವುದಕ್ಕಲ್ಲ, ಉದ್ಯಾನಗಳನ್ನೂ ಇರುವ ಅರಣ್ಯಧಾಮವನ್ನೂ ನೋಡಿಕೊಳ್ಳುವುದಕ್ಕೆ. ಕೊಂಡ ಮೇಲೆ ಕಾಯುವುದಕ್ಕೂ ಖರ್ಚಿದೆಯೆಂದು ತಿಳಿಯಲು ಮೂವತ್ತು ವರ್ಷ ಹಿಡಿದದ್ದು ಹೆಚ್ಚೇನಲ್ಲ.

ನಮ್ಮ ಹುಲ್ಲಿನ ತಂಡದಲ್ಲಿ ಎಂಟು ಜನ. ಐವರು ಎಪ್ಪತ್ತು ದಾಟಿದವರು. ಒಬ್ಬರು ವಿಮಾನದ ಎಂಜಿನಿಯರಾಗಿದ್ದವರು, ಇಬ್ಬರು ದಾದಿಯರು, ಒಬ್ಬರು ನನ್ನ ಹಾಗೆಯೇ ಮೇಷ್ಟರು; ಗಣಿತದವರು. ಅವರೇ ಒಂದು ದಿನ ಲೆಕ್ಕ ಹಾಕಿ ತೋರಿಸಿದರು: ಈ ಇಳಿಜಾರಿನಲ್ಲಿ ಈಗ ಮೊಳೆಯುವ ಸವಾರೊಕ್ಕೆ ಮೊದಲ ತೋಳು ಮೂಡುವ ಹೊತ್ತಿಗೆ ನಮ್ಮ ತಂಡದ ಹಿರಿಯರಿಗೆ ನೂರೈವತ್ತು ವರ್ಷವಾಗಿರುತ್ತದೆ. ಯಾರೂ ನಿಟ್ಟುಸಿರು ಬಿಡಲಿಲ್ಲ. ಇಂದು ಎಷ್ಟು ಚೀಲವಾಯಿತೆಂದು ಮಾತ್ರ ಕೇಳಿದರು. ಹನ್ನೊಂದು.

ಬಫೆಲ್ ಹುಲ್ಲಿನ ಬೀಜ ಮಣ್ಣಿನಲ್ಲಿ ಕೆಲವು ವರ್ಷ ಜೀವ ಹಿಡಿದಿರಬಲ್ಲದು. ಆದ್ದರಿಂದ ಅಗೆದ ಜಾಗವನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ, ಪ್ರತಿ ಮಳೆಗಾಲವಾದ ಮೇಲೆ ಮತ್ತೆ ಹೋಗಿ ನೋಡಬೇಕು. ನಾನು ಹೊರಡುವ ಮುಂಚಿನ ವಾರ ನಾವು ಒಂದು ಸಣ್ಣ ಕಣಿವೆಯನ್ನು ಮುಗಿಸಿದೆವು. ಕಡೆಯ ಬುಡವನ್ನು ಮೀಟಿದ ಜಾಗದಿಂದ ಎರಡು ಮಾರು ದೂರದಲ್ಲಿ, ಪಾಲೊ ವರ್ಡೆಯ ಅಡಿಯಲ್ಲಿ, ಹೆಬ್ಬೆರಳಿನ ಗಾತ್ರದ ಒಂದು ಸವಾರೊ ಇತ್ತು. ಎಂಟು ಹತ್ತು ವರ್ಷದ್ದಿರಬೇಕೆಂದು ತಿಳಿದವರು ಹೇಳಿದರು. ಗಣಿತದ ಮೇಷ್ಟರು ಅದನ್ನೂ ನಕ್ಷೆಯಲ್ಲಿ ಹುಲ್ಲಿನ ಗುರುತಿನ ಪಕ್ಕಕ್ಕೆ ಬರೆದುಕೊಂಡರು. ಮಾನ್ಸೂನ್ ಮುಗಿದ ಮೇಲೆ ಹುಲ್ಲು ಮರಳಿ ಬಂದಿದೆಯೇ ಎಂದು ನೋಡಲು ಆ ಕಣಿವೆಗೆ ಇನ್ನೊಂದು ತಂಡ ಹೋಗುತ್ತದೆ.